ಸೇವ್ ಒತ್ತಿದರೆ ಭಾವನ ಫೋನು ಬದಲಾಗಬೇಕು

ಭಾವ ಚೇಣಿ, ಅಂದರೆ ಅಡಿಕೆ ತೋಟದ ಫಸಲಿನ ಗುತ್ತಿಗೆ, ಹಿಡಿಯುತ್ತಾರೆ. ತೀರ್ಥಹಳ್ಳಿ ಸುತ್ತಮುತ್ತ ಏಳೆಂಟು ತೋಟ. ಕೊಯ್ಲು ಶುರುವಾದರೆ ಒಂದೊಂದು ತೋಟಕ್ಕೂ ಹೋಗಿ, ಹಸಿ ಅಡಿಕೆ ತೂಗಿ, ಚೀಲದ ತೂಕ ಕಳೆದು, ಅಲ್ಲೇ ಚೀಟಿ ಬರೆದುಕೊಟ್ಟು ಬರಬೇಕು. ಹೋದ ಸಲ ಚೀಟಿ ಪುಸ್ತಕ ಮಳೆಗೆ ಸಿಕ್ಕಿತು. ಶಾಯಿ ಹರಡಿ ಮೂರು ತೋಟದ ಲೆಕ್ಕ ಒಂದರ ಮೇಲೊಂದು ಕೂತುಬಿಟ್ಟಿತ್ತು.

"ನಿಂಗೆ ಕಂಪ್ಯೂಟರ್ ಬರುತ್ತಲ್ಲ ಮಾರಾಯ, ಫೋನಲ್ಲೇ ಚೀಟಿ ಬರೆಯೋ ಹಾಗೆ ಎಂತಾದ್ರೂ ಮಾಡು" ಅಂದರು.

ಮಾಡೋಣ ಅಂದೆ. ದೊಡ್ಡದೇನಲ್ಲ: ಒಂದು ಪುಟ, ಒಂದು ಫಾರಂ, ಮೂರು ಜಾವಾಸ್ಕ್ರಿಪ್ಟ್ ಫೈಲು, ಹಿಂದೆ ನೋಡ್ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ಸರ್ವರ್. ಆಷಾಢದ ಮಳೆ, ತೋಟಕ್ಕೆ ಇಳಿಯುವ ಹಾಗಿಲ್ಲ. ಜಗಲಿಯಲ್ಲಿ ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ, ಪಕ್ಕದ ಬೆಂಚಿನಲ್ಲಿ ಭಾವ ಫೋನು ಹಿಡಿದು ಕೂತರು. ನಾನು ಬರೆಯುವುದು, ಅವರು ನೋಡಿ ಸರಿ ತಪ್ಪು ಹೇಳುವುದು.

ಕಷ್ಟ ಶುರುವಾದದ್ದೇ ಇಲ್ಲಿ. ನಾನು ಒಂದು ಅಕ್ಷರ ಬದಲಿಸಿದರೂ "ಭಾವ, ಪುಟ ಮೇಲಿಂದ ಕೆಳಗೆ ಎಳೀರಿ" ಅನ್ನಬೇಕು. ಅವರ ಹೆಬ್ಬೆರಳು ಒರಟು, ಅರ್ಧ ಎಳೆದು ಬಿಡುತ್ತಿದ್ದರು. ಪುಟ ಹಳೆಯದೇ ಇರುತ್ತಿತ್ತು. "ಎಂತ ಬದಲಾಗ್ಲೇ ಇಲ್ವಲ್ಲ" ಅಂತ ಅವರು, "ಬದಲಾಗಿದೆ, ಎಳೀರಿ" ಅಂತ ನಾನು. ಒಂದು ಸಂಜೆಗೆ ಇಪ್ಪತ್ತು ಸಲ ಆದರೆ ಸಂಬಂಧವೇ ಕೆಡುತ್ತದೆ, ಅಲ್ವಾ?

ಜಾವಾಸ್ಕ್ರಿಪ್ಟ್ ಕೆಲಸ ಮಾಡುವವರಿಗೆ ಇದರ ಮದ್ದು ಗೊತ್ತು: ಲೈವ್ ರೀಲೋಡ್. ಫೈಲ್ ಸೇವ್ ಮಾಡಿದ ತಕ್ಷಣ ಬ್ರೌಸರಿನ ಪುಟ ತಾನೇ ಹೊಸದಾಗುವುದು. 2020ರಲ್ಲಿ ಇವಾನ್ ಯೂ ಹೊರತಂದ ವೀಟ್ ಅನ್ನುವ ಉಪಕರಣ ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತದೆ. ಹೆಸರೇ ಫ್ರೆಂಚಿನಲ್ಲಿ 'ಬೇಗ' ಎಂದು. ನಾನೂ ಸಂಬಳದ ಕೆಲಸದಲ್ಲಿ ದಿನವಿಡೀ ಅದನ್ನೇ ಬಳಸುವವನು. ಆದರೆ ಅದನ್ನು ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು. ನಮ್ಮ ದಾರಿಯಲ್ಲಿ ಮರ ಬಿದ್ದು ಕೇಬಲ್ ತುಂಡಾಗಿ ಎರಡು ದಿನ ಆಗಿತ್ತು, ಫೋನಿನ ಸಿಗ್ನಲ್ಲಿಗೆ ಗುಡ್ಡ ಹತ್ತಬೇಕಿತ್ತು. ಮನೆಯ ವೈಫೈ ರೂಟರ್ ಮಾತ್ರ ಬದುಕಿತ್ತು. ಹೊರಗಿನ ಲೋಕ ಇಲ್ಲದಿದ್ದರೂ ಲ್ಯಾಪ್‌ಟಾಪಿನಿಂದ ಫೋನಿಗೆ ದಾರಿ ಇತ್ತು. ಲ್ಯಾಪ್‌ಟಾಪಿನಲ್ಲಿದ್ದದ್ದು ಲಿನಕ್ಸು, ನೋಡ್ 22, ಕೋಡ್ ಬರೆಯಲು ವಿಮ್ ಎಡಿಟರು. ಸರಿ, ಇಷ್ಟರಲ್ಲೇ ನಾವೇ ಒಂದು ಮಾಡೋಣ ಅಂತ ಕೂತೆ. ಹೊರಗಿನ ಒಂದು ಪ್ಯಾಕೇಜೂ ಇಲ್ಲದೆ.

ಇಡೀ ಕೆಲಸದಲ್ಲಿ ಇರುವುದು ಮೂರೇ ತುಂಡು. ಫೈಲು ಬದಲಾದದ್ದನ್ನು ಕಾಯುವವನು ಒಬ್ಬ ಬೇಕು. ಬದಲಾಯಿತು ಅನ್ನುವ ಸುದ್ದಿ ಫೋನಿಗೆ ಮುಟ್ಟಬೇಕು. ಸುದ್ದಿ ಬಂದಾಗ ಪುಟ ಏನು ಮಾಡಬೇಕೋ ಅದನ್ನು ಮಾಡಬೇಕು. ಒಂದು ಸಂಜೆಯ ಕೆಲಸ ಅಂದುಕೊಂಡೆ. ನಾಲ್ಕು ಸಂಜೆ ಹಿಡಿಯಿತು.

ಕಾವಲು

ನೋಡ್‌ನಲ್ಲಿ ಎಫ್‌ಎಸ್ ಮಾಡ್ಯೂಲಿನ ವಾಚ್ ಅನ್ನುವ ಫಂಕ್ಷನ್ ಇದೆ. ಯಾವ ಫೈಲು ಅಂತ ಹೇಳಿದರೆ ಅದು ಬದಲಾದಾಗ ನಮ್ಮನ್ನು ಕರೆಯುತ್ತದೆ. ಲಿನಕ್ಸಿನಲ್ಲಿ ಅದರ ಕೆಳಗೆ ಕೂತಿರುವುದು ಇನೋಟಿಫೈ, 2005ರಿಂದ ಕರ್ನಲ್ಲಿನಲ್ಲೇ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನಲ್ಲೇ) ಇರುವ ವ್ಯವಸ್ಥೆ. ಸುಮ್ನೆ ಸುಮ್ನೆ ಫೈಲನ್ನು ಸೆಕೆಂಡಿಗೊಮ್ಮೆ ತೆರೆದು ನೋಡುವ ಕೆಲಸ ಇಲ್ಲ, ಕರ್ನಲ್ಲೇ ಎಬ್ಬಿಸುತ್ತದೆ.

ಮುಖ್ಯ ಪುಟದ ಫೈಲಿಗೆ ಒಂದು ವಾಚ್ ಹಾಕಿದೆ. ಸೇವ್ ಮಾಡಿದೆ. ಟರ್ಮಿನಲ್ಲಿನಲ್ಲಿ 'ಬದಲಾಯಿತು' ಅಂತ ಬಂತು. ಖುಷಿಯಾಗಿ ಇನ್ನೊಮ್ಮೆ ಸೇವ್ ಮಾಡಿದೆ. ಏನೂ ಇಲ್ಲ. ಮತ್ತೊಮ್ಮೆ. ಇಲ್ಲ. ಪ್ರೋಗ್ರಾಂ ನಿಲ್ಲಿಸಿ ಶುರು ಮಾಡಿದರೆ ಮತ್ತೆ ಮೊದಲ ಸೇವಿಗೆ ಮಾತ್ರ ಎಚ್ಚರ, ಆಮೇಲೆ ನಿದ್ದೆ.

ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ವಿಮ್ ಸಾಮಾನ್ಯವಾಗಿ ಹಳೆಯ ಫೈಲಿನ ಮೇಲೇ ಬರೆಯುವುದಿಲ್ಲ. ಹಳೆಯದಕ್ಕೆ ಬೇರೆ ಹೆಸರಿಟ್ಟು ಪಕ್ಕಕ್ಕೆ ಸರಿಸುತ್ತದೆ, ಅದೇ ಹಳೆಯ ಹೆಸರಿನಲ್ಲಿ ಹೊಸ ಫೈಲು ಬರೆಯುತ್ತದೆ, ಎಲ್ಲ ಸರಿಯಾದ ಮೇಲೆ ಹಳೆಯದನ್ನು ಅಳಿಸುತ್ತದೆ. ನಡುವೆ ಕರೆಂಟು ಹೋದರೂ ಒಂದಾದರೂ ಉಳಿಯಲಿ ಅನ್ನುವ ಜಾಣತನ. ಆದರೆ ವಾಚ್ ಕಾಯುವುದು ಹೆಸರನ್ನಲ್ಲ, ಡಿಸ್ಕಿನಲ್ಲಿರುವ ಐನೋಡನ್ನು, ಅಂದರೆ ಆ ಹೆಸರಿನ ಹಿಂದಿರುವ ಫೈಲಿನ ದಾಖಲೆಯನ್ನು. ನಾನು ಮನೆ ಕಾಯಲು ಹೇಳಿದ್ದೆ. ಅದು ಆ ಮನೆಯಲ್ಲಿದ್ದ ಬಾಡಿಗೆಯವನನ್ನು ಕಾಯುತ್ತಿತ್ತು. ಅವನು ಮನೆ ಖಾಲಿ ಮಾಡಿದಾಗ ಅವನ ಹಿಂದೆಯೇ ಹೋಯಿತು. ಹೊಸಬ ಬಂದದ್ದು ಅದಕ್ಕೆ ಗೊತ್ತೇ ಇಲ್ಲ.

ಮದ್ದು ಸುಲಭ. ಫೈಲನ್ನು ಕಾಯಬೇಡಿ, ಫೋಲ್ಡರನ್ನು ಕಾಯಿರಿ. ಇನೋಟಿಫೈ ಒಳಗಿನ ಫೋಲ್ಡರುಗಳಿಗೆ ತಾನಾಗಿ ಇಳಿಯುವುದಿಲ್ಲ. ನನ್ನಲ್ಲಿ ಇದ್ದದ್ದು ಮೂರೇ ಫೋಲ್ಡರು, ಮೂರಕ್ಕೂ ಒಂದೊಂದು ವಾಚ್ ಹಾಕಿದೆ.

ಈಗ ಉಲ್ಟಾ ತೊಂದರೆ. ಒಂದು ಸೇವಿಗೆ ಐದಾರು ಕೂಗು. ಏನೇನು ಬರುತ್ತಿದೆ ನೋಡೋಣ ಅಂತ ಹೆಸರುಗಳನ್ನೆಲ್ಲ ಅಚ್ಚು ಹಾಕಿಸಿದೆ. ಅದರಲ್ಲೊಂದು ಹೆಸರು: 4913. ನಾನು ಅಂಥ ಫೈಲು ಮಾಡಿಯೇ ಇಲ್ಲ! ಫೋಲ್ಡರಿನಲ್ಲಿ ಹುಡುಕಿದರೆ ಇಲ್ಲ. ಸೇವ್ ಮಾಡಿದಾಗೆಲ್ಲ ಒಂದು ಕ್ಷಣ ಹುಟ್ಟಿ ಸಾಯುತ್ತಿತ್ತು. ಇದೂ ವಿಮ್‌ನದೇ ಕೆಲಸ. ಈ ಫೋಲ್ಡರಿನಲ್ಲಿ ಬರೆಯಲು ನನಗೆ ಅನುಮತಿ ಇದೆಯಾ ಅಂತ ಪರೀಕ್ಷಿಸಲು 4913 ಹೆಸರಿನಲ್ಲಿ ಒಂದು ಫೈಲು ಮಾಡಿ ನೋಡಿ ಅಳಿಸುತ್ತದೆ. ಕೊಡೆ ಬಿಚ್ಚುವ ಮೊದಲು ಕೈ ಹೊರಗೆ ಚಾಚಿ ಮಳೆ ನೋಡಿದ ಹಾಗೆ. ಅದರ ಹಿಂದೆ ತಾತ್ಕಾಲಿಕ ಸ್ವಾಪ್ ಫೈಲು, ಹೆಸರಿನ ಕೊನೆಗೆ ಟಿಲ್ಡೆ (~) ಇರುವ ಬ್ಯಾಕಪ್ಪು, ಆಮೇಲೆ ನಿಜವಾದ ಫೈಲು ಎರಡು ಸಲ.

ಎರಡು ಕೆಲಸ ಮಾಡಿದೆ. ಹೆಸರಿನ ಕೊನೆಯಲ್ಲಿ ಎಚ್‌ಟಿಎಂಎಲ್, ಸಿಎಸ್‌ಎಸ್, ಜೆಎಸ್ ಇಲ್ಲದ ಸುದ್ದಿಯನ್ನು ಕಿವಿಗೇ ಹಾಕಿಕೊಳ್ಳಬಾರದು. ಬಂದ ಕೂಗಿಗೂ ತಕ್ಷಣ ಎದ್ದು ಓಡಬಾರದು, 80 ಮಿಲಿಸೆಕೆಂಡು ಕಾಯಬೇಕು. ಅಷ್ಟರಲ್ಲಿ ಇನ್ನೊಂದು ಬಂದರೆ ಮತ್ತೆ ಮೊದಲಿಂದ 80. ಎಲ್ಲ ಗದ್ದಲ ಮುಗಿದ ಮೇಲೆ ಒಂದೇ ಸಲ ಹೇಳುವುದು. ಈ ಕಾಯುವಿಕೆ ಇನ್ನೊಂದಕ್ಕೂ ಬೇಕು. ಕೆಲವು ಎಡಿಟರುಗಳು ಫೈಲನ್ನು ಮೊದಲು ಖಾಲಿ ಮಾಡಿ ಆಮೇಲೆ ತುಂಬುತ್ತವೆ. ಅವಸರ ಮಾಡಿದರೆ ಆ ಖಾಲಿ ಹೊತ್ತಿನಲ್ಲೇ ಓದಿ ಬಿಳಿ ಪುಟ ಕೊಟ್ಟುಬಿಡುತ್ತೇವೆ.

ಜಾವಾಸ್ಕ್ರಿಪ್ಟ್ ಲೋಕದಲ್ಲಿ ಈ ಎಲ್ಲ ಕಿರಿಕಿರಿಯನ್ನು ಹೊತ್ತುಕೊಳ್ಳುವ ಹೆಸರಾಂತ ಪ್ಯಾಕೇಜು ಒಂದಿದೆ, ಚೋಕಿದಾರ್. ನಮ್ಮ ಚೌಕಿದಾರನೇ. ಹಿಂದಿಯ ಪದ ಅಂತ ಅದನ್ನು ಮಾಡಿದವರೇ ಬರೆದುಕೊಂಡಿದ್ದಾರೆ. ನನ್ನದಕ್ಕೆ 'ಕಾವಲು' ಅಂತ ಹೆಸರಿಟ್ಟೆ. ಇಂಟರ್‌ನೆಟ್ ಇದ್ದಿದ್ದರೆ ನಾನೂ ಚೋಕಿದಾರನನ್ನೇ ಕರೆಯುತ್ತಿದ್ದೆ, ಅದರಲ್ಲಿ ನಾಚಿಕೆಯಿಲ್ಲ.

ಸುದ್ದಿ

ಲ್ಯಾಪ್‌ಟಾಪಿಗೆ ಗೊತ್ತಾಯಿತು, ಫೋನಿಗೆ ಹೇಳುವುದು ಹೇಗೆ? ವೆಬ್‌ಸಾಕೆಟ್ ಬಳಸಬಹುದಿತ್ತು, ಅದರಲ್ಲಿ ಎರಡೂ ಕಡೆಯವರು ಮಾತಾಡಬಹುದು. ಆದರೆ ನೋಡ್‌ನಲ್ಲಿ ವೆಬ್‌ಸಾಕೆಟ್ ಸರ್ವರ್ ತಾನಾಗಿ ಬರುವುದಿಲ್ಲ, ಪ್ಯಾಕೇಜು ಬೇಕು. ನನಗೆ ಬೇಕಿದ್ದದ್ದಾದರೂ ಒಂದೇ ದಿಕ್ಕಿನ ಮಾತು. ಅದಕ್ಕೆ ಬ್ರೌಸರಿನಲ್ಲಿ ಇವೆಂಟ್‌ಸೋರ್ಸ್ ಇದೆ. ಪುಟ ಒಂದು ವಿಳಾಸ ತೆರೆಯುತ್ತದೆ, ಸರ್ವರ್ ಉತ್ತರ ಶುರು ಮಾಡುತ್ತದೆ, ಮುಗಿಸುವುದೇ ಇಲ್ಲ. ಹೇಳಬೇಕಾದಾಗ ಅದೇ ಉತ್ತರಕ್ಕೆ ಒಂದು ಸಾಲು ಸೇರಿಸುತ್ತದೆ. ಸರ್ವರ್ ಕಡೆ ಕೆಲಸ ಇಷ್ಟೇ: ತೆರೆದಿರುವ ಉತ್ತರಗಳನ್ನು ಒಂದು ಸೆಟ್‌ನಲ್ಲಿ ಇಟ್ಟುಕೊಳ್ಳುವುದು, ಸುದ್ದಿ ಬಂದರೆ ಎಲ್ಲದಕ್ಕೂ ಬರೆಯುವುದು, ಯಾರಾದರೂ ಮುಚ್ಚಿಕೊಂಡು ಹೋದರೆ ಸೆಟ್‌ನಿಂದ ತೆಗೆಯುವುದು.

ಸಾಲಿನ ರೂಪ ಸರಳ. 'ಡೇಟಾ' ಅನ್ನುವ ಪದ, ಕೋಲನ್, ಸುದ್ದಿ, ಆಮೇಲೆ ಎರಡು ಸಲ ಹೊಸ ಸಾಲು. ನಾನು ಒಂದೇ ಹಾಕಿದ್ದೆ. ಬ್ರೌಸರ್ ಮುಂದಿನ ಮಾತಿಗೆ ಕಾಯುತ್ತಲೇ ಇತ್ತು. ಖಾಲಿ ಸಾಲು ಬರುವವರೆಗೆ ಅದಕ್ಕೆ ಮಾತು ಮುಗಿದಿಲ್ಲ. ಹತ್ತು ನಿಮಿಷ ಹೋಯಿತು.

ಈ ಇವೆಂಟ್‌ಸೋರ್ಸ್ ತೆರೆಯುವ ಪುಟ್ಟ ಸ್ಕ್ರಿಪ್ಟನ್ನು ಪುಟದಲ್ಲಿ ಕೈಯಾರೆ ಬರೆಯಲಿಲ್ಲ. ಭಾವನ ಕೈಗೆ ಕೊನೆಗೆ ಹೋಗುವ ಪುಟದಲ್ಲಿ ಅದು ಇರಬಾರದು. ಸರ್ವರ್ ಪುಟವನ್ನು ಓದಿ ಕಳಿಸುವಾಗ ಬಾಡಿ ಮುಗಿಯುವ ಟ್ಯಾಗಿಗೆ ಸ್ವಲ್ಪ ಮೊದಲು ತೂರಿಸುತ್ತದೆ. ಜೊತೆಗೆ ಯಾವುದನ್ನೂ ಕ್ಯಾಶ್ ಮಾಡಬೇಡ, ಅಂದರೆ ಎತ್ತಿಟ್ಟುಕೊಂಡು ಹಳೆಯದನ್ನೇ ತೋರಿಸಬೇಡ, ಅನ್ನುವ ಹೆಡರ್ (ಪುಟದ ಮುಂದೆ ಹೋಗುವ ಸೂಚನೆ) ಕಳಿಸಿದೆ. ಇಲ್ಲದಿದ್ದರೆ ಪುಟ ಹೊಸದು, ಒಳಗಿನ ಜಾವಾಸ್ಕ್ರಿಪ್ಟ್ ನಿನ್ನೆಯದು ಅನ್ನುವ ಹಾಗೆ ಆಗುತ್ತದೆ.

ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಜುಮ್ಮಂತ ಕೆಲಸ ಮಾಡಿತು. ಭಾವನ ಫೋನಿನಲ್ಲಿ ಇಲ್ಲ. ಇದು ನನ್ನದೇ ಪೆದ್ದುತನ. ಸ್ಕ್ರಿಪ್ಟಿನಲ್ಲಿ ಲೋಕಲ್‌ಹೋಸ್ಟ್ ಅಂತ ಬರೆದಿದ್ದೆ. ಫೋನಿಗೆ ಲೋಕಲ್‌ಹೋಸ್ಟ್ ಅಂದರೆ ಆ ಫೋನೇ, ಅದು ತನ್ನ ಮನೆಯ ಬಾಗಿಲನ್ನೇ ತಟ್ಟಿಕೊಳ್ಳುತ್ತಿತ್ತು. ವಿಳಾಸದಿಂದ ಹೋಸ್ಟ್ ಹೆಸರು ಕಿತ್ತುಹಾಕಿ ಬರೀ ದಾರಿ ಇಟ್ಟೆ. ಪುಟ ಎಲ್ಲಿಂದ ಬಂತೋ ಅಲ್ಲಿಗೇ ಕೇಳುತ್ತದೆ.

ಅರ್ಧ ಪುಟ

ಇಷ್ಟೂ ಪರೀಕ್ಷೆ ಮಾಡಿದ್ದು ಇಂಗ್ಲಿಷಿನಲ್ಲಿ 'ಹಲೋ' ಅಂತಿದ್ದ ಒಂದು ಖಾಲಿ ಪುಟದಲ್ಲಿ. ಎರಡನೇ ಸಂಜೆ ನಿಜವಾದ ಚೀಟಿಯ ಪುಟ ಹಾಕಿದೆ. ಪುಟ ಬಂತು, ಆದರೆ ಕೆಳಗಿನ 'ಉಳಿಸು' ಬಟನ್ ಇಲ್ಲ. ಅದರ ಮೇಲಿದ್ದ ಷರಾ ಪೆಟ್ಟಿಗೆಯೂ ಇಲ್ಲ. ಲೈವ್ ರೀಲೋಡ್ ಅಂತೂ ಸತ್ತೇ ಹೋಗಿತ್ತು.

ಮೊದಲು ಟ್ಯಾಗ್ ಮುಚ್ಚಿಲ್ಲವೇನೋ ಅಂತ ನೋಡಿದೆ. ಸರಿ ಇತ್ತು. ಹಲೋ ಪುಟಕ್ಕೆ ಮರಳಿದರೆ ಎಲ್ಲ ಸರಿ. ಹಲೋ ಪುಟದಲ್ಲಿ 'ನಮಸ್ಕಾರ' ಅಂತ ಬರೆದೆ. ಪುಟ ಕಾಣುತ್ತದೆ, ರೀಲೋಡ್ ಇಲ್ಲ! ಒಂದು ಕನ್ನಡ ಪದಕ್ಕೆ ನನ್ನ ಕಾವಲು ಸಾಯುತ್ತಿತ್ತು.

ಬ್ರೌಸರಿನಲ್ಲಿ ಪುಟದ ಮೂಲ ತೆರೆದು ತುದಿಗೆ ಹೋದೆ. ನಾನು ತೂರಿಸಿದ ಸ್ಕ್ರಿಪ್ಟು ನಡುವಿನಲ್ಲೇ ಕತ್ತರಿಸಿ ನಿಂತಿತ್ತು. ಕೊಡಲಿಯಲ್ಲಿ ಕಡಿದ ಹಾಗೆ.

ವಿಷಯ ಇದು. ಸ್ಕ್ರಿಪ್ಟು ತೂರಿಸಿದ ಮೇಲೆ ಪುಟ ಉದ್ದವಾಗುತ್ತದೆ. ಅದಕ್ಕೆ, ಬರುವುದು ಎಷ್ಟು ಉದ್ದ ಅಂತ ಮೊದಲೇ ತಿಳಿಸುವ ಕಂಟೆಂಟ್-ಲೆಂಗ್ತ್ ಹೆಡರನ್ನು ನಾನೇ ಲೆಕ್ಕ ಹಾಕಿ ಕಳಿಸುತ್ತಿದ್ದೆ, ಸ್ಟ್ರಿಂಗಿನ ಲೆಂಗ್ತ್ ತೆಗೆದುಕೊಂಡು. ಆದರೆ ಆ ಹೆಡರಿಗೆ ಬೇಕಾದದ್ದು ಬೈಟುಗಳ ಲೆಕ್ಕ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟು, ಎರಡೂ ಒಂದೇ ಆಗುತ್ತದೆ. ಕನ್ನಡದಲ್ಲಿ ಆಗುವುದಿಲ್ಲ.

'ಅಡಿಕೆ' ಅನ್ನುವ ಪದವನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಮೂರು ಅಕ್ಷರ. ಜಾವಾಸ್ಕ್ರಿಪ್ಟನ್ನು ಲೆಂಗ್ತ್ ಎಷ್ಟು ಅಂತ ಕೇಳಿದರೆ ಐದು ಅನ್ನುತ್ತದೆ: ಅ ಒಂದು, ಡ ಒಂದು, ಅದರ ಗುಡಿಸು ಬೇರೆ, ಕ ಒಂದು, ಅದರ ಎತ್ವ ಬೇರೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಈ ಐದರಲ್ಲಿ ಒಂದೊಂದಕ್ಕೂ ಮೂರು ಬೈಟು, ಒಟ್ಟು 15. ಒಂದೇ ಪದಕ್ಕೆ 3, 5, 15 ಅಂತ ಮೂರು ಲೆಕ್ಕ, ಮೂರೂ ಸರಿ. ಪುಟದ ತಲೆಬರಹ 'ತೂಕದ ಚೀಟಿ'ಗೆ ಲೆಂಗ್ತ್ 9, ಬೈಟು 25.

ಅಂದರೆ ಪ್ರತಿ ಕನ್ನಡ ಚಿಹ್ನೆಗೂ ನಾನು ಎರಡೆರಡು ಬೈಟು ಕಡಿಮೆ ಹೇಳುತ್ತಿದ್ದೆ. ಬ್ರೌಸರ್ ನಾನು ಹೇಳಿದಷ್ಟು ಎಣಿಸಿಕೊಂಡು 'ಸಾಕು, ಬಂತು' ಅಂತ ನಿಲ್ಲಿಸುತ್ತಿತ್ತು. ಪುಟದಲ್ಲಿ ಸಾವಿರ ಕನ್ನಡ ಚಿಹ್ನೆ ಇದ್ದರೆ ಬಾಲದಿಂದ ಎರಡು ಸಾವಿರ ಬೈಟು ಹೋಯಿತು. ಬಾಲದಲ್ಲೇ ನನ್ನ ಸ್ಕ್ರಿಪ್ಟು ಇದ್ದದ್ದು.

ಭಾವನಿಗೆ ಇದನ್ನು ವಿವರಿಸಬೇಕಾಯಿತು, ಯಾಕೆಂದರೆ ಬಟನ್ ಎಲ್ಲಿ ಹೋಯಿತು ಅಂತ ಕೇಳುತ್ತಿದ್ದರು. "ಚೀಲದ ಲೆಕ್ಕ ಹೇಳಿ ಕೆಜಿ ಲೆಕ್ಕಕ್ಕೆ ದುಡ್ಡು ಇಸ್ಕೊಂಡ ಹಾಗೆ ಆಯ್ತಲ್ಲ" ಅಂದರು. ಹೌದು, ಸರಿಯಾಗಿ ಅದೇ.

ಬಫರಿನ ಬೈಟ್‌ಲೆಂಗ್ತ್ ಬಳಸಿದೆ, ಸರಿಹೋಯಿತು. ಆ ಹೆಡರನ್ನು ಹಾಕದೇ ಬಿಟ್ಟಿದ್ದರೂ ನೋಡ್ ತುಂಡು ತುಂಡಾಗಿ ಕಳಿಸಿ ಸರಿಯಾಗಿಯೇ ಮುಟ್ಟಿಸುತ್ತಿತ್ತು. ನನ್ನದು ಇಲ್ಲದ ಮೇಸ್ತ್ರಿಕೆ. ಆದರೂ ಕನ್ನಡದಲ್ಲಿ ವೆಬ್ ಕೆಲಸ ಮಾಡುವ ಯಾರಾದರೂ ಈ ಹಳ್ಳಕ್ಕೆ ಬಿದ್ದೇ ಬೀಳುತ್ತಾರೆ ಅಂತ ಇಷ್ಟು ಉದ್ದ ಬರೆದೆ. ನಿಮ್ಮ ಪರೀಕ್ಷೆಯ ಪುಟದಲ್ಲಿ ಮೊದಲ ದಿನದಿಂದಲೇ ಒಂದು ಕನ್ನಡ ಸಾಲು ಇರಲಿ.

ಕರೆಂಟು ಹೋಗಿ ಬಂದರೆ

ಪುಟದ ಫೈಲಲ್ಲದೆ ಸರ್ವರಿನ ಕೋಡೂ ಬದಲಾಗುತ್ತದೆ. ಅದಕ್ಕೆ ನೋಡ್‌ಗೇ ವಾಚ್ ಅನ್ನುವ ಫ್ಲ್ಯಾಗ್ ಇದೆ. ಅದನ್ನು ಹಾಕಿ ಶುರು ಮಾಡಿದರೆ, ಸರ್ವರ್ ಯಾವ್ಯಾವ ಮಾಡ್ಯೂಲನ್ನು ಎಳೆದುಕೊಂಡಿದೆಯೋ ಅವು ಬದಲಾದಾಗ ತಾನೇ ಸತ್ತು ಹುಟ್ಟುತ್ತದೆ. ಸಿಂಟ್ಯಾಕ್ಸ್ ತಪ್ಪಿದ್ದರೆ ಬೈದು, ಮುಂದಿನ ಸೇವಿಗೆ ಕಾದು ಕೂರುತ್ತದೆ.

ಸರ್ವರ್ ಸತ್ತಾಗ ಇವೆಂಟ್‌ಸೋರ್ಸಿನ ಸಂಪರ್ಕ ಕಡಿಯುತ್ತದೆ. ಕಡಿದ ತಕ್ಷಣ ಪುಟ ರೀಲೋಡ್ ಮಾಡಿದರೆ ಕೆಟ್ಟಿತು. ಆ ಹೊತ್ತಿಗೆ ಸರ್ವರ್ ಇನ್ನೂ ಎದ್ದಿರುವುದಿಲ್ಲ, ಫೋನಿನಲ್ಲಿ 'ಈ ಸೈಟ್ ತಲುಪಲಾಗುತ್ತಿಲ್ಲ' ಅನ್ನುವ ಪುಟ ಬಂದು ಕೂರುತ್ತದೆ. ಅದರಲ್ಲಿ ನನ್ನ ಸ್ಕ್ರಿಪ್ಟು ಇಲ್ಲ, ಮತ್ತೆ ಎಬ್ಬಿಸುವವರೂ ಇಲ್ಲ. ಆದ್ದರಿಂದ ಕಡಿದಾಗ ಸುಮ್ಮನಿರಬೇಕು. ಇವೆಂಟ್‌ಸೋರ್ಸ್ ತಾನಾಗಿಯೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಎಷ್ಟು ಹೊತ್ತು ಬಿಟ್ಟು ಪ್ರಯತ್ನಿಸಬೇಕು ಅಂತ ಸರ್ವರ್ ಮೊದಲೇ 'ರಿಟ್ರೈ' ಸಾಲಿನಲ್ಲಿ ಹೇಳಬಹುದು, ನಾನು 1000 ಮಿಲಿಸೆಕೆಂಡು ಕೊಟ್ಟೆ. ಮತ್ತೆ ಸಂಪರ್ಕ ಸಿಕ್ಕಿದರೆ ಸರ್ವರ್ ಮರುಹುಟ್ಟು ಪಡೆದಿದೆ ಎಂದರ್ಥ, ಆಗ ರೀಲೋಡ್. ಹೀಗೆ ಬರೆದೆ.

ಪಟ್ಟಣದಲ್ಲಿ ಕೂತು ಬರೆದಿದ್ದರೆ ಇದು ಸಾಕಾಗುತ್ತಿತ್ತೇನೋ. ನಮ್ಮಲ್ಲಿ ಮಳೆಗಾಲದಲ್ಲಿ ಗಾಳಿ ಒಂದು ಸಲ ಜೋರಾಗಿ ಬೀಸಿದರೆ ಕರೆಂಟು ಹೋಗುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ರೂಟರಿಗೆ ಇಲ್ಲ. ವೈಫೈ ಹೋಗಿ ಬಂದಾಗೆಲ್ಲ ಫೋನು ಮತ್ತೆ ಸಂಪರ್ಕ ಹಿಡಿಯಿತು, ಹಿಡಿದಾಗೆಲ್ಲ ರೀಲೋಡ್. ಸರ್ವರ್ ಸತ್ತೇ ಇರಲಿಲ್ಲ, ಏನೂ ಬದಲಾಗಿರಲಿಲ್ಲ. ಭಾವ ಹನ್ನೊಂದು ಚೀಲದ ತೂಕ ಹೊಡೆದು ಹನ್ನೆರಡನೆಯದಕ್ಕೆ ಬಂದಿದ್ದರು, ಎಲ್ಲ ಖಾಲಿ.

"ಪುಸ್ತಕವೇ ವಾಸಿ ಮಾರಾಯ" ಅಂದರು. ನಾನು ಕಷಾಯ ಕುಡಿಯಲು ಒಳಗೆ ಎದ್ದು ಹೋದೆ.

ಸಂಪರ್ಕ ಕಡಿದದ್ದಕ್ಕೂ ಕೋಡ್ ಬದಲಾದದ್ದಕ್ಕೂ ಸಂಬಂಧ ಇಲ್ಲ ಅನ್ನುವುದು ಒಲೆ ಮುಂದೆ ಕೂತಾಗ ತಲೆಗೆ ಹೋಯಿತು. ಪುಟಕ್ಕೆ ಗೊತ್ತಿರಬೇಕಾದದ್ದು ಒಂದೇ: ನಾನು ಎಷ್ಟನೆಯ ಆವೃತ್ತಿ? ಆದ್ದರಿಂದ ಸರ್ವರ್ ಹುಟ್ಟಿದ ಸಮಯ, ಅದರ ಪಕ್ಕ ಎಷ್ಟು ಸಲ ಫೈಲು ಬದಲಾಯಿತು ಅನ್ನುವ ಎಣಿಕೆ, ಎರಡನ್ನೂ ಸೇರಿಸಿ ಒಂದು ಮೊಹರು ಮಾಡಿದೆ. ಪುಟ ಕಳಿಸುವಾಗಲೇ ತೂರಿಸುವ ಸ್ಕ್ರಿಪ್ಟಿನೊಳಗೆ ಆ ಮೊಹರು ಹೋಗುತ್ತದೆ. ಸಂಪರ್ಕ ಸಿಕ್ಕಾಗೆಲ್ಲ ಸರ್ವರ್ ತನ್ನ ಈಗಿನ ಮೊಹರು ಹೇಳುತ್ತದೆ. ಒಂದೇ ಇದ್ದರೆ ಪುಟ ಅಲ್ಲಾಡುವುದಿಲ್ಲ, ಬೇರೆ ಇದ್ದರೆ ರೀಲೋಡ್.

ಮೊಹರನ್ನು ಸ್ಕ್ರಿಪ್ಟಿನೊಳಗೇ ಹಾಕಿದ್ದಕ್ಕೆ ಕಾರಣ ಇದೆ. ಮೊದಲು ಸಂಪರ್ಕ ಸಿಕ್ಕ ಮೇಲೆ ಬಂದ ಮೊದಲ ಮಾತನ್ನೇ ಪುಟ ತನ್ನ ಮೊಹರು ಅಂತ ಇಟ್ಟುಕೊಳ್ಳುತ್ತಿತ್ತು. ಪುಟ ಹೊರಟ ಮೇಲೆ, ಸಂಪರ್ಕ ಸಿಗುವ ಮೊದಲು, ಆ ಸಣ್ಣ ಸಂದಿಯಲ್ಲಿ ನಾನು ಸೇವ್ ಮಾಡಿದರೆ ಹಳೆಯ ಪುಟ ತನಗೆ ಹೊಸ ಮೊಹರು ಒತ್ತಿಕೊಂಡು ಕೂರುತ್ತದೆ. ನಿಧಾನದ ಫೋನಿನಲ್ಲಿ ಇದು ನಿಜಕ್ಕೂ ಆಯಿತು, ಎರಡು ಸಲ. ಫೋನಿನ ಸ್ಕ್ರೀನ್ ಆರಿ ಮಲಗಿದ್ದಾಗ ತಪ್ಪಿಹೋದ ಸುದ್ದಿಗೂ ಈ ಮೊಹರೇ ಮದ್ದು. ಎದ್ದ ಮೇಲೆ ಸಂಪರ್ಕ ಹಿಡಿದು, ಹೋಲಿಸಿ ನೋಡಿ, ತಾನೇ ಹೊಸದಾಗುತ್ತದೆ.

ಮಿಣಮಿಣ

ಮೂರನೇ ಸಂಜೆ ಒಂದು ತಮಾಷೆ. ಯಾವ ಫೋನಿನಿಂದ ಯಾವಾಗ ಪುಟ ತೆರೆದರು ಅಂತ ಸರ್ವರ್ ಒಂದು ಕಡೆ ಬರೆದಿಡಲಿ ಅಂದುಕೊಂಡೆ. ಆ ಪಟ್ಟಿಯನ್ನು ಜಾವಾಸ್ಕ್ರಿಪ್ಟ್ ಫೈಲಾಗಿಯೇ ಅದೇ ಫೋಲ್ಡರಿನಲ್ಲಿ ಇಟ್ಟೆ, ಪುಟದಿಂದ ನೇರ ಓದಬಹುದು ಅಂತ. ಪುಟ ತೆರೆಯಿತು, ಪಟ್ಟಿಗೆ ಒಂದು ಸಾಲು ಬಿತ್ತು, ಫೋಲ್ಡರ್ ಬದಲಾಯಿತು ಅಂತ ಕಾವಲು ಕೂಗಿತು, ಪುಟ ರೀಲೋಡ್ ಆಯಿತು, ಪಟ್ಟಿಗೆ ಇನ್ನೊಂದು ಸಾಲು ಬಿತ್ತು. ಫೋನು ದೀಪಾವಳಿಯ ಸರದ ಹಾಗೆ ಮಿಣಮಿಣ ಅನ್ನತೊಡಗಿತು. "ಇದಕ್ಕೆ ಎಂತ ದೆವ್ವ ಮೆಟ್ಟಿಕೊಂಡ್ತಾ" ಅಂತ ಭಾವ ಫೋನನ್ನು ಬೆಂಚಿನ ಮೇಲಿಟ್ಟು ದೂರ ಸರಿದರು.

ಪ್ರೋಗ್ರಾಂ ತಾನೇ ಬರೆಯುವ ಫೈಲು ಕಾವಲಿನ ಬೇಲಿಯ ಹೊರಗಿರಬೇಕು. ಬೇರೆ ಫೋಲ್ಡರಿಗೆ ಹಾಕಿದೆ. ಮುಗಿಯಿತು.

ತುಂಬಿದ್ದು ಉಳಿಯಬೇಕು

ನಿಜವಾಗಿ ಕೋಡ್ ಬದಲಾದಾಗಲೂ ಭಾವ ತುಂಬಿದ ತೂಕ ಹೋಗಬಾರದು. ಬಣ್ಣವೋ ಅಕ್ಷರದ ಗಾತ್ರವೋ ಬದಲಾದರೆ ಪುಟ ಪೂರ್ತಿ ತೆಗೆದು ಹಾಕುವ ಅಗತ್ಯವೇ ಇಲ್ಲ. ಸಿಎಸ್‌ಎಸ್ ಲಿಂಕಿನ ವಿಳಾಸದ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ಹೊಸ ಸಂಖ್ಯೆ ಅಂಟಿಸಿದರೆ ಬ್ರೌಸರ್ ಅದನ್ನು ಹೊಸ ಫೈಲೆಂದು ತಿಳಿದು ತಂದುಕೊಳ್ಳುತ್ತದೆ. ಪುಟ ಇದ್ದಲ್ಲೇ ಇರುತ್ತದೆ, ಬಣ್ಣ ಮಾತ್ರ ಬದಲಾಗುತ್ತದೆ. ಆಮೇಲೆ ಪುಟದ ಮೊಹರನ್ನೂ ಮುಂದಕ್ಕೆ ತಿರುಗಿಸಿಕೊಳ್ಳಬೇಕು, ಮರೆಯಬಾರದು.

ಬೇರೆ ಬದಲಾವಣೆಗೆ ಪೂರ್ತಿ ರೀಲೋಡೇ. ಅದರ ಮೊದಲು ಪ್ರತಿ ಪೆಟ್ಟಿಗೆಯ ಹೆಸರು, ಅದರಲ್ಲಿ ತುಂಬಿದ್ದು ಎಲ್ಲವನ್ನೂ ಸೆಷನ್ ಸ್ಟೋರೇಜಿಗೆ (ಬ್ರೌಸರಿನ ತಾತ್ಕಾಲಿಕ ಉಗ್ರಾಣಕ್ಕೆ) ಹಾಕುವುದು, ಪುಟ ಬಂದ ಮೇಲೆ ತಿರುಗಿ ತುಂಬುವುದು. ತುಂಬಿತು. ಆದರೆ ಕೆಳಗಿನ 'ನಿವ್ವಳ ತೂಕ' ಸೊನ್ನೆ ತೋರಿಸುತ್ತಿತ್ತು. ಕೈಯಿಂದ ಟೈಪು ಮಾಡಿದರೆ ಇನ್‌ಪುಟ್ ಇವೆಂಟ್ ಏಳುತ್ತದೆ, ಕೋಡಿನಿಂದ ತುಂಬಿದರೆ ಏಳುವುದಿಲ್ಲ. ಕೂಡಿ ಕಳೆಯುವ ಕೆಲಸ ಆ ಇವೆಂಟಿಗೆ ಕಟ್ಟಿತ್ತು. ತುಂಬಿದ ಮೇಲೆ ನಾನೇ ಒಂದು ಇನ್‌ಪುಟ್ ಇವೆಂಟ್ ಎಬ್ಬಿಸಿದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆಸೆ ಬಿಡಲಿಲ್ಲ. ವೀಟ್‌ನಂಥವು ಮಾಡುವ ಹಾಟ್ ಮಾಡ್ಯೂಲ್ ಬದಲಿ ನನ್ನದರಲ್ಲೂ ಬರಲಿ, ಪುಟ ಅಲ್ಲಾಡದೆ ಬದಲಾದ ಮಾಡ್ಯೂಲ್ ಮಾತ್ರ ಹೊಸದಾಗಲಿ ಅಂತ ಕೈ ಹಾಕಿದೆ. ಬ್ರೌಸರ್ ಒಂದು ವಿಳಾಸದ ಮಾಡ್ಯೂಲನ್ನು ಒಂದೇ ಸಲ ತರುತ್ತದೆ, ಮತ್ತೆ ಇಂಪೋರ್ಟ್ ಮಾಡಿದರೆ ಹಳೆಯದನ್ನೇ ಕೊಡುತ್ತದೆ. ಅದಕ್ಕೂ ಪ್ರಶ್ನೆ ಚಿಹ್ನೆ, ಸಂಖ್ಯೆ. ಹೊಸ ಮಾಡ್ಯೂಲ್ ಬಂತು. ಸಮಸ್ಯೆ ಏನೆಂದರೆ ಹಳೆಯದು ಹೋಗಲಿಲ್ಲ.

ಆ ಮಾಡ್ಯೂಲಿನಲ್ಲಿ ಐದು ಸೆಕೆಂಡಿಗೊಮ್ಮೆ 'ಕಳಿಸದೆ ಉಳಿದ ಚೀಟಿ ಇದೆಯಾ' ಅಂತ ನೋಡಿ ಸರ್ವರಿಗೆ ಕಳಿಸುವ ಟೈಮರ್ ಇತ್ತು. ಮೂರು ಸಲ ಬದಲಿಸಿದ ಮೇಲೆ ಹಳೆಯ ಮೂರು, ಹೊಸದೊಂದು, ನಾಲ್ಕೂ ಟೈಮರ್ ಓಡುತ್ತಿದ್ದವು. ಭಾವ 'ಉಳಿಸು' ಒತ್ತಿದರು. ಒಂದೇ ತೂಕ ನಾಲ್ಕು ಸಲ ಜಮೆಯಾಯಿತು. ಭಾವನಿಗೆ ಈ ತಪ್ಪು ಇಷ್ಟವಾಯಿತು, ಆದರೆ ಚೇಣಿದಾರ ತೂಕಕ್ಕೆ ದುಡ್ಡು ಕೊಡುವವನು, ತೆಗೆದುಕೊಳ್ಳುವವನಲ್ಲ ಅಂತ ನೆನಪಿಸಿದಾಗ ಮುಖ ಸಣ್ಣದಾಯಿತು.

ವೀಟ್‌ನಲ್ಲಿ ಇದಕ್ಕೆ ಡಿಸ್ಪೋಸ್ ಅನ್ನುವ ಕೊಂಡಿ ಇದೆ. ಹೊಸ ಮಾಡ್ಯೂಲ್ ಬರುವ ಮೊದಲು ಹಳೆಯದು ತನ್ನ ಟೈಮರ್, ಲಿಸನರ್ ಎಲ್ಲ ಕಿತ್ತು ಸ್ವಚ್ಛ ಮಾಡಿ ಹೋಗಬಹುದು. ಆದರೆ ಏನೇನು ಕೀಳಬೇಕು ಅಂತ ಬರೆಯಬೇಕಾದವರು ನಾವೇ, ಉಪಕರಣಕ್ಕೆ ಅದು ತಾನಾಗಿ ತಿಳಿಯುವುದಿಲ್ಲ. ಮೂರು ಫೈಲಿನ ಆಪಿಗೆ ಇಷ್ಟು ಶಿಸ್ತು ಯಾಕೆ? ಪೂರ್ತಿ ರೀಲೋಡ್ ಎಲ್ಲವನ್ನೂ ಕೊಂದು ಹೊಸದಾಗಿ ಹುಟ್ಟಿಸುತ್ತದೆ, ತುಂಬಿದ ಪೆಟ್ಟಿಗೆಗಳನ್ನು ನಾನು ಉಳಿಸಿಕೊಂಡಿದ್ದೇನೆ. ನನಗೆ ಇದೇ ಜಾಸ್ತಿ ನಂಬಿಕೆ. ಆ ಕೋಡನ್ನು ಅಳಿಸಿದೆ. ಹತ್ತಾರು ಸ್ಕ್ರೀನು ದಾಟಿ ಒಳಗೆ ಹೋಗಬೇಕಾದ ದೊಡ್ಡ ಆಪ್ ಆಗಿದ್ದರೆ ಬೇರೆ ಮಾತು.

ಇನ್ನೊಂದು ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಲ್ಯಾಪ್‌ಟಾಪಿನಲ್ಲಿ ಅದೇ ಪುಟದ ಏಳನೇ ಟ್ಯಾಬ್ ತೆರೆದಾಗ ಅದು ಸುತ್ತುತ್ತಲೇ ಕೂತಿತು. ಎಚ್‌ಟಿಟಿಪಿ 1.1ರಲ್ಲಿ ಬ್ರೌಸರ್ ಒಂದು ಸರ್ವರಿಗೆ ಒಟ್ಟಿಗೆ ಆರೇ ಸಂಪರ್ಕ ಇಡುತ್ತದೆ. ಆರು ಟ್ಯಾಬಿನ ಆರು ಇವೆಂಟ್‌ಸೋರ್ಸ್ ಆ ಆರನ್ನೂ ಹಿಡಿದು ಕೂತಿದ್ದವು. ನಾನು ಕೋಡ್ ಮುಟ್ಟಲಿಲ್ಲ, ಟ್ಯಾಬ್ ಮುಚ್ಚಿದೆ.

ನಾಲ್ಕನೇ ಸಂಜೆ ಮತ್ತೆ ಜಗಲಿಯಲ್ಲಿ ಕೂತೆವು. ಭಾವ ತೂಕ ಹೊಡೆಯುತ್ತ "ಇಲ್ಲಿ ಬ್ಯಾಗ್ ಅಂತ ಹಾಕಿದ್ದೀಯಲ್ಲ, ಚೀಲ ಅಂತ ಮಾಡು" ಅಂದರು. ಮಾಡಿ ಸೇವ್ ಒತ್ತಿದೆ. ಫೋನು ಅವರ ಕೈಯಲ್ಲೇ ಒಂದು ಸಲ ಮಿಟುಕಿತು. ಬ್ಯಾಗ್ ಹೋಗಿ ಚೀಲ ಬಂತು, ಹೊಡೆದ ಏಳು ತೂಕ ಹಾಗೇ ಇದ್ದವು. ಅವರು ತಲೆ ಎತ್ತಲಿಲ್ಲ. ಎಂಟನೆಯದು ಹೊಡೆದರು.

ಮರುದಿನ ಕೇಬಲ್ ಸರಿಯಾಯಿತು. ವೀಟ್ ಇಳಿಸಿಕೊಳ್ಳಬಹುದು, ಇನ್ನೂ ಇಳಿಸಿಕೊಂಡಿಲ್ಲ. ಈಗ ಹಿಡಿದಿರುವ ಕೆಲಸ ಬೇರೆ. ಭಾವ ಶಿವಮೊಗ್ಗಕ್ಕೆ ಹೋದವರು ಸೊಂಟಕ್ಕೆ ಕಟ್ಟಿಕೊಳ್ಳುವ ಬ್ಲೂಟೂತ್ ಪ್ರಿಂಟರ್ ಒಂದು ತಂದಿದ್ದಾರೆ. ಅದಕ್ಕೆ ಕನ್ನಡ ಬರುವುದಿಲ್ಲ, 'ತೂಕದ ಚೀಟಿ' ಕಳಿಸಿದರೆ ಪ್ರಶ್ನೆ ಚಿಹ್ನೆ ಉಗುಳುತ್ತದೆ. ಚೀಟಿಯನ್ನು ಚಿತ್ರ ಮಾಡಿ ಕಳಿಸಬೇಕು. ಬ್ರೌಸರಿನಲ್ಲಿ ಚಿತ್ರ ಬರೆಯುವ ಹಲಗೆ, ಕ್ಯಾನ್ವಾಸ್, ತೆರೆದಿಟ್ಟಿದ್ದೇನೆ.